ವಕೀಲರ ಮೇಲೆ ಚಿಗವ್ವ ಹೂಡಿದ ದಾವೆ

ಹರಿಹರದಲ್ಲಿ ನಮ್ಮ ಚಿಗವ್ವನ ಮನೆಯ ಹಿತ್ತಲಿನಲ್ಲಿ ಒಂದು ಬಾವಿ ಇತ್ತು. ಗಂಡ ಸತ್ತ ಮೇಲೆ ಅವಳು ಎರಡು ಎಮ್ಮೆ ಕಟ್ಟಿಕೊಂಡು ಬದುಕಿದ್ದು ಆ ಬಾವಿಯ ನೀರಿನಿಂದ. ಐವತ್ತರ ದಶಕದ ಕೊನೆಯಲ್ಲಿ ಪಕ್ಕದ ಮನೆಯ ಹತ್ತಿ ವ್ಯಾಪಾರಿ, ಬಾವಿಯೂ ಸೇರಿ ಅರ್ಧ ಹಿತ್ತಲು ತನ್ನದೆಂದು ದಾವಣಗೆರೆ ಕೋರ್ಟಿನಲ್ಲಿ ದಾವೆ ಹಾಕಿದ. ಚಿಗವ್ವ ಪಿ.ಜೆ. ಬಡಾವಣೆಯ ಒಬ್ಬ ಹಿರಿಯ ವಕೀಲರಿಗೆ ವಕಾಲತ್ತು ಕೊಟ್ಟಳು. ನಮ್ಮ ಮಠಕ್ಕೇ ನಡೆದುಕೊಳ್ಳುವವರು, ದೊಡ್ಡ ಮನುಷ್ಯರು.

ಆ ವಕೀಲರು ಹೆಣ್ಣುಮಕ್ಕಳನ್ನು ಕೋರ್ಟಿನ ಒಳಗೆ ಕರೆದೊಯ್ಯುತ್ತಿರಲಿಲ್ಲ. ಹೊರಗೆ ಬೇವಿನ ಮರದ ಕೆಳಗೆ ಕೂರಿಸುತ್ತಿದ್ದರು. ಜವಾನ ಪಡಸಾಲೆಗೆ ಬಂದು ಹೆಸರು ಕೂಗಿದರೆ ಮಾನಸ್ಥ ಮನೆತನದ ಹೆಂಗಸು ಓಗೊಡಬಾರದು, ಒಳಗೆ ತಾವಿರುತ್ತೇವೆ ಎಂದು ಹೇಳಿಟ್ಟಿದ್ದರು. ವಿಚಾರಣೆಯ ದಿನ ಜವಾನ ಮೂರು ಸಲ ಕೂಗಿದ. ಚಿಗವ್ವ ತಲೆಯ ಮೇಲೆ ಸೆರಗು ಹೊದ್ದು ಸುಮ್ಮನೆ ಕೂತಿದ್ದಳು. ವಕೀಲರು ಒಳಗೆ ಇರಲಿಲ್ಲ, ಬೇರೊಬ್ಬ ಕಕ್ಷಿದಾರನ ಕೆಲಸಕ್ಕೆ ಚಿತ್ರದುರ್ಗಕ್ಕೆ ಹೋಗಿದ್ದರು. ತೀರ್ಪು ವ್ಯಾಪಾರಿಯ ಕಡೆಗಾಯಿತು. ಕೇಸನ್ನು ಮತ್ತೆ ತೆಗೆಸುತ್ತೇನೆ ಎಂದ ವಕೀಲರು ಅದಕ್ಕೆ ಅರ್ಜಿ ಹಾಕುವ ಗಡುವನ್ನೂ ಕಳೆದರು. ಆ ಹೆಣ್ಣುಮಗಳು ಅವತ್ತು ಬರಲೇ ಇಲ್ಲ ಎಂದು ಊರಿಗೆಲ್ಲ ಹೇಳಿದರು.

ನಾನು ಆಗ ದಾವಣಗೆರೆಯ ಒಂದು ಪತ್ರಿಕೆಗೆ ಕೋರ್ಟಿನ ಸುದ್ದಿ ಬರೆಯುತ್ತಿದ್ದೆ. ಆ ಮಾತು ನನ್ನ ಕಿವಿಗೆ ಬಿತ್ತು, ಚಿಗವ್ವನಿಗೆ ತಿಳಿಸಿದೆ. ಬಾವಿ ಹೋದಾಗ ಅತ್ತಿದ್ದವಳು ಈಗ ಅಳಲಿಲ್ಲ.

"ವಕೀಲರ ಮ್ಯಾಲೆ ಕೇಸ್ ಹಾಕಾಕೆ ಬರತೈತೇನು?" ಎಂದು ಕೇಳಿದಳು.

ಕಾನೂನಿನಲ್ಲಿ ಅಡ್ಡಿಯಿಲ್ಲ, ಆದರೆ ನಡೆಸುವವರು ಸಿಗಲಾರರು ಎಂದೆ. ಹಾಗೆಯೇ ಆಯಿತು. ಒಬ್ಬರು ಕಾಫಿ ಕೊಟ್ಟು ಕಳಿಸಿದರು. ಒಬ್ಬರು ಕಾಗದ ಮುಟ್ಟಲೇ ಇಲ್ಲ. ಇನ್ನೊಬ್ಬರು, ಅಷ್ಟು ಹಿರಿಯರ ಎದುರು ಹೆಂಗಮ್ಮ ನಿಲ್ಲೋದು ಎಂದರು.

"ಎದುರು ನಿಲ್ಲಾಕೇ ಅಲ್ಲೇನ್ರಿ ನಿಮಗೆ ಕರೀ ಕೋಟು ಕೊಟ್ಟಿರೋದು?" ಎಂದು ಚಿಗವ್ವ ಎದ್ದು ಬಂದಳು.

ಕೊನೆಗೆ ಕೋರ್ಟಿನ ಮುಂದೆ ಅರ್ಜಿ ಬರೆಯುವವರಿಂದ ದಾವೆ ಬರೆಸಿ, ತಾನೇ ನಡೆಸುವುದಾಗಿ ಹೆಬ್ಬೆಟ್ಟು ಒತ್ತಿದಳು. ಅದರ ವಾರದಲ್ಲೇ ಸಮಾಜದ ಇಬ್ಬರು ಹಿರಿಯರು ಬಾಳೆಹಣ್ಣು ಹಿಡಿದು ಹರಿಹರಕ್ಕೆ ಬಂದರು. ಮನೆ ಮಾತು ಮನೆಯಲ್ಲೇ ಮುಗಿಯಲಿ, ಪಂಚರ ಮುಂದೆ ಏನಾದರೂ ಕೊಡಿಸುತ್ತೇವೆ ಎಂದರು.

"ನನ್ನ ಹೆಸರು ಕೂಗಿದ್ದು ಕೋರ್ಟ್‌ನಾಗೆ ಅಣ್ಣಾರೆ. ನಾ ಬಂದಿದ್ದೆ ಅನ್ನೋದನ್ನೂ ಅವರು ಅಲ್ಲೇ ಹೇಳ್ಲಿ."

ಹಿರಿಯರು ಅಂಗಳ ದಾಟುವ ಮೊದಲೇ ಬಾಳೆಹಣ್ಣು ಎಮ್ಮೆಗಳ ಮುಂದಿತ್ತು.

ವಿಚಾರಣೆಯ ದಿನ ಪ್ರತಿವಾದಿ ವಕೀಲರ ಸುತ್ತ ಕರಿ ಕೋಟುಗಳು ಬೆಂಚು ತುಂಬಿದ್ದವು. ಅವರ ಪರ ನಿಂತ ತರುಣ ವಕೀಲರು ಚಿಗವ್ವನನ್ನು ಪ್ರಶ್ನಿಸಿದರು. ಹೊರಗೆ ಕೂತಿದ್ದಾಗ ಹೆಸರು ಕೂಗಿದ್ದು ಕೇಳಿಸಿತೇ? ಕೇಳಿಸಿತು ಎಂದಳು. ಮೂರು ಸಲವೂ? ಮೂರು ಸಲವೂ.

"ಮತ್ತೆ ಯಾಕಮ್ಮ ಎದ್ದು ಬರಲಿಲ್ಲ?"

ಬೆಂಚಿನಲ್ಲಿ ನಗು ಎದ್ದಿತು.

"ಏಳಬ್ಯಾಡ ಅಂದೋರು ನಿಮ್ಮ ಪಕ್ಕದಾಗೇ ಕುಂತಾರೆ, ಕೇಳ್ರಿ. ಅವರ ಮಾತು ನಂಬಿದ್ದೇ ತಪ್ಪಾದ್ರೆ ಬೋರ್ಡ್ ಯಾಕೆ ಹಾಕ್ಕಂಡಾರೆ?"

ಮುನ್ಸೀಫರು ಬರೆಯುವುದನ್ನು ನಿಲ್ಲಿಸಿ ತರುಣ ವಕೀಲರ ಕಡೆ ನೋಡಿದರು. ಇವರು ಬಂದೇ ಇರಲಿಲ್ಲ ಎಂಬುದು ನಿಮ್ಮ ಲಿಖಿತ ಹೇಳಿಕೆ, ಈಗ ಬಂದು ಹೊರಗೆ ಕೂತಿದ್ದರು ಎನ್ನುತ್ತೀರಿ, ಎರಡರಲ್ಲಿ ಯಾವುದನ್ನು ಬರೆದುಕೊಳ್ಳಲಿ ಎಂದು ಕೇಳಿದರು. ತರುಣರು ಪಕ್ಕಕ್ಕೆ ತಿರುಗಿ ನೋಡಿದರು. ಹಿರಿಯ ವಕೀಲರು ಕಡತದ ಹಾಳೆ ತಿರುವುತ್ತಿದ್ದರು.

ಚಿಗವ್ವ ಅವತ್ತು ಕೋರ್ಟಿಗೆ ಬಂದಿದ್ದಳು, ವಕೀಲರದು ಕರ್ತವ್ಯಲೋಪ, ಪರಿಹಾರ ಕೊಡತಕ್ಕದ್ದು ಎಂದು ತೀರ್ಪಾಯಿತು. ಸಂಬಂಧಿಕನಾದ್ದರಿಂದ ಆ ಸುದ್ದಿಯನ್ನು ನಾನು ಬರೆಯಲಿಲ್ಲ, ಬೇರೊಬ್ಬರು ಬರೆದರು. ಬಾವಿ ಮಾತ್ರ ವ್ಯಾಪಾರಿಯ ಬೇಲಿಯೊಳಗೇ ಉಳಿಯಿತು. ಚಿಗವ್ವ ಎಮ್ಮೆಗಳನ್ನು ಹೊಳೆಗೆ ಹೊಡೆದುಕೊಂಡು ಹೋಗತೊಡಗಿದಳು.

ವಕೀಲರು ಚಿತ್ರದುರ್ಗದ ಜಿಲ್ಲಾ ಕೋರ್ಟಿಗೆ ಅಪೀಲು ಹೋದರೆಂಬ ಸುದ್ದಿಯನ್ನು ನಾನು ತಂದಾಗ ಅವಳು ಹೊಳೆಯಲ್ಲೇ ಇದ್ದಳು, ಎಮ್ಮೆ ಮೈ ತಿಕ್ಕುತ್ತಿದ್ದಳು. ಹೇಗೂ ಬಾವಿ ಬರುವುದಿಲ್ಲ, ಇನ್ನು ರಾಜಿಯಾದರೆ ಓಡಾಟ ತಪ್ಪುತ್ತದೆ ಎಂದೆ.

"ರಾಜಿ ಆದ್ರೆ ನಾ ಬಂದಿದ್ದೆ ಅಂತ ಬರೆದದ್ದು ಉಳಿತೈತೇನು?"

ಉಳಿಯುವುದಿಲ್ಲ ಎಂದೆ.

"ಹಂಗಾದ್ರೆ ದುರ್ಗದ ಬಸ್ಸು ಎಷ್ಟೊತ್ತಿಗೈತೆ, ಅದನ್ನ ಕೇಳ್ಕಂಡು ಬಾ" ಎಂದು ಚಿಗವ್ವ ಎಮ್ಮೆಯ ಇನ್ನೊಂದು ಮಗ್ಗುಲಿಗೆ ಹೋದಳು.