ಲಾಭ, ಎರಡು, ಮೂರು

ಅರ್ಧವಾರ್ಷಿಕ ಪರೀಕ್ಷೆಯ ರಜೆ ಮುಗಿದು ಜನವರಿಯಲ್ಲಿ ಶಾಲೆ ತೆರೆದರೆ ಮೂರನೇ ತರಗತಿಗೆ ಅಳತೆಯ ಪಾಠ. ಲೀಟರು, ಅರ್ಧ ಲೀಟರು, ಒಂದು ಬಕೆಟ್ಟು ತುಂಬಲು ಎಷ್ಟು ಚೊಂಬು ನೀರು ಬೇಕು, ಅಷ್ಟೇ. ಆ ವರ್ಷ ಇಷ್ಟು ಸಣ್ಣ ಪಾಠಕ್ಕೆ ನಾನು ಹೆಡ್‌ಮಾಸ್ಟರ ಜೊತೆ ಜಗಳವಾಡಿದೆ, ಊರಿನ ಒಬ್ಬ ಮುದುಕನ ಜೊತೆ ಜಗಳವಾಡಿದೆ, ಕೊನೆಗೆ ಎಂಟು ವರ್ಷದ ಹುಡುಗಿಯ ಮೇಲೂ ಹರಿಹಾಯ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಇರಲಿ, ಅಲ್ಲಿದ್ದರೆ ಬೇಕಾದಾಗ ಹುಡುಕುವ ಕಷ್ಟವಿಲ್ಲ.

ಆಲಸನತ್ತದ ಮನೆಯಿಂದ ಎರಡು ಬಸ್ಸು ಹಿಡಿದು ಸೂಳಗಿರಿಯ ಆಚೆ, ತಮಿಳು ಸೀಮೆಯ ಗಡಿಯಲ್ಲಿರುವ ಒಂದು ಹಳ್ಳಿಯ ಶಾಲೆಗೆ ಹೋಗುತ್ತಿದ್ದೆ. ಕನ್ನಡ ವಿಭಾಗದ ಒಂದು, ಎರಡು, ಮೂರನೇ ತರಗತಿಗಳಿಗೆ ನಾನೊಬ್ಬಳೇ. ಒಂದೇ ಕೋಣೆಯಲ್ಲಿ ಮೂರು ಸಾಲು ಮಕ್ಕಳು. ಗೋಡೆಯಾಚೆ ತಮಿಳು ವಿಭಾಗ, ಅಲ್ಲಿ ಹೆಡ್‌ಮಾಸ್ಟರು. ನನ್ನ ಕೋಣೆಯ ಮಕ್ಕಳನ್ನು ಕಂಡರೆ ಅವರ ಮುಖ ಹುಣಸೆಹಣ್ಣು ಕಚ್ಚಿದಂತಾಗುತ್ತಿತ್ತು. ಆ ಸಲ ರಜೆಯಿಂದ ಬಂದವರೇ ಒಂದು ಅಪ್ಪಣೆ ಹೊರಡಿಸಿದರು. ಮೂರನೇ ತರಗತಿಯ ಪ್ರತಿ ಮಗುವೂ ಅವರ ಮುಂದೆ ನೀರು ಅಳೆದು ತೋರಿಸಬೇಕು. ಅಳೆಯಲು ಬಾರದವರು ವರ್ಷ ಮುಗಿಯುವವರೆಗೂ ಒಂದನೇ ತರಗತಿಯ ಸಾಲಿನಲ್ಲಿ ಕೂರಬೇಕು.

ಸಾಲಿನ ತುದಿಯಲ್ಲಿ ಕೂರುತ್ತಿದ್ದ ಒಬ್ಬ ಹುಡುಗಿಯ ಮುಖ ಅದನ್ನು ಕೇಳಿದ ಕೂಡಲೇ ಸಣ್ಣಗಾಯಿತು. ಒಂದನೇ ತರಗತಿಯಲ್ಲಿ ಅವಳ ತಮ್ಮನಿದ್ದ. ಅವನ ಪಕ್ಕದಲ್ಲಿ ಕೂತರೆ ಊರೆಲ್ಲ ಆಡಿಕೊಳ್ಳುತ್ತದೆ. ಆದರೆ ಅಳತೆಯಲ್ಲಿ ಅವಳು ಸೋಲುತ್ತಾಳೆಂದು ನನಗೆ ಕನಸಿನಲ್ಲೂ ಅನಿಸಿರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಫ್ಯಾಕ್ಟರಿಯ ಶಿಫ್ಟಿಗೆ ಹೋಗುತ್ತಿದ್ದ ಮನೆ ಅವಳದು, ಬೆಳೆಸಿದವನು ತಾತ. ಆ ಊರಲ್ಲಿ ಯಾರ ಮನೆಯ ರಾಗಿ ಮನೆಗೆ ಬಂದರೂ ಬಳ್ಳ ಹಿಡಿದು ಅಳೆಯಲು ಕರೆಯುತ್ತಿದ್ದುದು ಅವನನ್ನೇ. ಈಗ ಕಣ ಎಲ್ಲಿದೆ, ಮಿಷಿನ್ನು ಬಂದು ಒಕ್ಕಿ ಹೋಗುತ್ತದೆ, ಟಾರ್ಪಾಲಿನ ಮೇಲೆ ರಾಶಿ ಬೀಳುತ್ತದೆ. ಆದರೂ ಚೀಲ ತುಂಬುವ ಮುನ್ನ ಬಳ್ಳದಲ್ಲಿ ಅಳೆಯಲೇಬೇಕು. ಆ ರಜೆಯಲ್ಲಿ ತಾತನ ಹೆಗಲು ನೋಯುತ್ತಿದ್ದುದರಿಂದ ಅವನು ಬಳ್ಳವನ್ನು ಮೊಮ್ಮಗಳ ಕೈಗೆ ಕೊಟ್ಟಿದ್ದ. ಹೆಣ್ಣುಮಗುವಿನ ಕೈಲಿ ರಾಶಿ ಅಳೆಸುತ್ತೀಯಲ್ಲ ಎಂದವರಿಗೆ, ಹಂಗಾದ್ರೆ ನೀವೇ ಅಳ್ಕೊಳಿ ಎಂದು ಎದ್ದುನಿಂತಿದ್ದನಂತೆ. ರಜೆ ಮುಗಿದು ಬಂದಾಗ ಅವಳು ನನಗೆ ಮೊದಲು ಹೇಳಿದ್ದೇ ಇದು.

ಪರೀಕ್ಷೆಯ ದಿನ ಹೆಡ್‌ಮಾಸ್ಟರು ಕುರ್ಚಿ ಹಾಕಿಸಿಕೊಂಡು ವರಾಂಡದಲ್ಲಿ ಕೂತರು. ಹುಡುಗಿ ಚೊಂಬು ತೆಗೆದುಕೊಂಡಳು, ಅಂಚಿನವರೆಗೆ ತುಂಬಿದಳು, ಒಂದು ಹನಿ ಚೆಲ್ಲದೆ ಬಕೆಟ್ಟಿಗೆ ಸುರಿದಳು. ಸುರಿಯುತ್ತಾ ರಾಗವಾಗಿ ಎಣಿಸಿದಳು, "ಲಾಭ... ಎರಡು... ಮೂರು..."

ಹೆಡ್‌ಮಾಸ್ಟರು ಕೈಯೆತ್ತಿ ನಿಲ್ಲಿಸಿ ನನ್ನತ್ತ ತಿರುಗಿ, "ಒಣ್ಣೇ ತೆರಿಯಲೆಯೇ ಟೀಚರ್," ಎಂದರು. ಒಂದು ಅನ್ನುವುದೇ ಗೊತ್ತಿಲ್ಲವಲ್ಲ, ಎಂದು.

ನನ್ನ ಮೈಯೆಲ್ಲ ಉರಿಯಿತು. ರಾಶಿ ಅಳೆಯುವವರು ಮೊದಲನೆಯದನ್ನು ಒಂದು ಎನ್ನುವುದಿಲ್ಲ, ಒಂದು ಎಂದರೆ ರಾಶಿ ಒಂದಕ್ಕೇ ನಿಂತುಬಿಡುತ್ತದೆ ಎಂಬ ಭಯ, ಅದಕ್ಕೇ ಲಾಭ ಎಂದು ಶುರು ಮಾಡುತ್ತಾರೆ ಎಂದು ನನಗೆ ಬಂದ ತಮಿಳಿನಲ್ಲಿ ಹೇಳಿದೆ. ಅವರು ಕೇಳಿಸಿಕೊಂಡು ಸುಮ್ಮನೆ ನಕ್ಕರು. ಅವರ ಊರಲ್ಲೂ ಭತ್ತ ಅಳೆಯುವಾಗ ಹಾಗೇ ಅನ್ನುತ್ತಾರಂತೆ. ಅದೆಲ್ಲ ಹೊಲದಲ್ಲಿ, ಇದು ಶಾಲೆ, ನಾಳೆ ಆಫೀಸರು ಬಂದು ಕೇಳಿದರೆ ನಾನೇನು ಹೇಳಲಿ ಎಂದರು. ಗೊತ್ತಿಲ್ಲದೆ ಆಡಿದ್ದರೆ ಕ್ಷಮಿಸಬಹುದಿತ್ತು. ಗೊತ್ತಿದ್ದೂ ಆ ಮಗುವನ್ನು ದಡ್ಡಿ ಎಂದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಬಾಯಿಗೆ ಬಂದಂತೆ ಅಂದೆ. ಪೊಂಗಲ್ ರಜೆಗೆ ಮುಂಚೆ ಇನ್ನೊಮ್ಮೆ ನೋಡುತ್ತೇನೆ, ಆಗಲೂ ಹೀಗೇ ಆದರೆ ತಮ್ಮನ ಪಕ್ಕಕ್ಕೆ, ಎಂದು ಎದ್ದು ಹೋದರು.

ಅವತ್ತು ಸಂಜೆಯೇ ತಾತನ ಹತ್ತಿರ ಹೋದೆ. ಮನೆಯ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದ. ಶಾಲೆಯಲ್ಲಿ ನೀರು ಅಳೆಯುವಾಗ ಮಾತ್ರ ಒಂದು ಎನ್ನಲು ಮೊಮ್ಮಗಳಿಗೆ ಹೇಳು, ಇಲ್ಲದಿದ್ದರೆ ಅವಳನ್ನು ಕೆಳಗಿನ ತರಗತಿಯಲ್ಲಿ ಕೂರಿಸುತ್ತಾರೆ ಎಂದು ಬಿಡಿಸಿ ಹೇಳಿದೆ. ಅವನು ತಲೆ ಎತ್ತಲೂ ಇಲ್ಲ.

"ನೀರಾಗ್ಲಿ ರಾಗಿಯಾಗ್ಲಿ, ಅಳತೆ ಅಳತೇನೆ ಕಣಮ್ಮ. ಮಗೀನ ಬಾಯಿಗೆ ಒಂದ್ಸಲ ರೂಢಿ ಆದ್ರೆ ಹೋಯ್ತು. ರಾಶಿ ಮುಂದೇನೂ ಅದೇ ಬತ್ತದೆ."

ಎಂಟು ವರ್ಷದ ಮಗುವಿಗೆ ಎರಡು ಜಾಗದ ಎರಡು ಮಾತು ತಿಳಿಯುವುದಿಲ್ಲವೇ, ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಬಸ್ಸಿನಲ್ಲಿ ತಮಿಳು ಆಡುವುದಿಲ್ಲವೇ ಎಂದೆ. ಅದು ಬೇರೆ, ಇದು ಬೇರೆ ಎಂದ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನಿನ್ನ ಹಟಕ್ಕೆ ಮಗುವಿನ ಮಾನ ಹೋಗುತ್ತದೆ ಎಂದು ರೇಗಿ, ಅವನ ಮನೆಯಲ್ಲಿ ನೀರೂ ಕುಡಿಯದೆ ಬಂದೆ.

ಮಾರನೆಯ ದಿನದಿಂದ ಊಟದ ಬಿಡುವಿನಲ್ಲಿ ಹುಡುಗಿಯನ್ನು ಬಕೆಟ್ಟಿನ ಮುಂದೆ ನಿಲ್ಲಿಸಿದೆ. ಒಂದು ಅನ್ನು ಎಂದೆ. ಅವಳು ಚೊಂಬು ತುಂಬುತ್ತಿದ್ದಳು, ಬಾಯಿ ತೆರೆದರೆ ಲಾಭ. ಮತ್ತೆ ಸುರಿಸಿದೆ, ಮತ್ತೆ ತುಂಬಿಸಿದೆ. ತಾತ ಬೈತಾನೆ ಎಂದು ಅತ್ತಳು. ಅತ್ತರೂ ಬಿಡಲಿಲ್ಲ. ತಮ್ಮನ ಪಕ್ಕ ಕೂರುತ್ತೀಯಾ, ಈಗಲೇ ಹೋಗಿ ಕೂರು ಎಂದು ಬಕೆಟ್ಟನ್ನು ಕಾಲಿನಿಂದ ತಳ್ಳಿದೆ. ಕೊನೆಗೆ 'ಒಂದು' ಅಂದಳು. ಮೊದಲು ಪಿಸುದನಿಯಲ್ಲಿ, ಆಮೇಲೆ ಗಟ್ಟಿಯಾಗಿ. ಪೊಂಗಲ್ ರಜೆಯ ಹಿಂದಿನ ದಿನ ಹೆಡ್‌ಮಾಸ್ಟರ ಮುಂದೆ ಒಂದರಿಂದ ಹತ್ತರವರೆಗೆ ಒಂದೂ ತಪ್ಪದೆ ಎಣಿಸಿ ಬಕೆಟ್ಟು ತುಂಬಿಸಿದಳು. ಅವರು ನಾಲಿಗೆ ಲೊಚಗುಟ್ಟಿ ಸರಿ ಎಂದರು. ನಾನು ಗೆದ್ದೆ. ಬಸ್ಸಿನಲ್ಲಿ ಮನೆಯವರೆಗೂ ನನಗೆ ನಾನೇ ಭೇಷ್ ಎಂದುಕೊಂಡೆ.

ಪೊಂಗಲ್ ಮುಗಿಸಿ ಬಂದ ಮೊದಲ ದಿನ ಸಂಜೆ ಬಸ್ಸಿಗೆ ಕಾಯುತ್ತಿದ್ದೆ. ಬಸ್‌ಸ್ಟಾಪಿನ ಎದುರು ಮನೆಯ ಅಂಗಳದಲ್ಲಿ ರಾಗಿಯ ರಾಶಿ ಬಿದ್ದಿತ್ತು. ಮನೆಯೊಡತಿ ರಾಶಿಗೆ ಕೈಮುಗಿದಳು. ತಾತ ಬಳ್ಳವನ್ನು ಮೊಮ್ಮಗಳಿಗೆ ಕೊಟ್ಟ. ಹುಡುಗಿ ತುಂಬಿದಳು, ಅಂಗೈಯಿಂದ ಮಟ್ಟ ಮಾಡಿದಳು, ಚೀಲಕ್ಕೆ ಸುರಿಯುತ್ತಾ, "ಒಂದು," ಎಂದಳು.

ಮನೆಯೊಡತಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಹುಡುಗಿಗೆ ತಾನೇನು ಅಂದೆನೆಂದು ಆಮೇಲೆ ಗೊತ್ತಾಯಿತು, ಬಾಯಿ ಮುಚ್ಚಿಕೊಂಡಳು. ತಾತ ಬೈಯಲಿಲ್ಲ. ಚೀಲದ ರಾಗಿಯನ್ನು ರಾಶಿಗೇ ವಾಪಸು ಸುರಿದ, ಅವಳ ಕೈಯಿಂದ ಬಳ್ಳವನ್ನು ತೆಗೆದುಕೊಂಡ, ನೋಯುವ ಹೆಗಲಿನಲ್ಲೇ ಕುಕ್ಕರಗಾಲಲ್ಲಿ ಕೂತು ಲಾಭ ಎಂದು ಮೊದಲಿನಿಂದ ಶುರು ಮಾಡಿದ. ನಾನು ರಸ್ತೆ ದಾಟಿ ಹೋದೆ. ಮಗು ಬಾಯಿ ತಪ್ಪಿ ಅಂದಿದೆ, ಬಳ್ಳ ವಾಪಸು ಕೊಡು ಎಂದೆ.

"ಅವ್ಳು ಚೆನ್ನಾಗಿ ಕಲ್ತವ್ಳೆ ಟೀಚರಮ್ಮ. ಇನ್ಮೇಲೆ ನಿಮ್ ಇಸ್ಕೂಲ್ಗೇ ಅಳೀಲಿ ಬುಡಿ," ಎಂದ.

ಆ ಮಾತಿಗೆ ನನ್ನ ಹತ್ತಿರ ಉತ್ತರವಿತ್ತು, ಒಂದಲ್ಲ ಹತ್ತು. ಹುಡುಗಿ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಬಸ್ಸು ಬಂತು, ಹತ್ತಿದೆ. ಆ ಮುದುಕನನ್ನೂ ಹೆಡ್‌ಮಾಸ್ಟರನ್ನೂ ಒಂದೇ ಚೀಲಕ್ಕೆ ಹಾಕಿ ಬಾಯಿ ಕಟ್ಟಬೇಕು ಅನ್ನಿಸಿತು.

ಮಾರನೆಯ ದಿನ ಪಾಠ ಮುಂದುವರಿಯಿತು. ಅರ್ಧ ಲೀಟರಿನ ಚೊಂಬಿನಲ್ಲಿ ಎಷ್ಟು ಸಲ ಹಾಕಿದರೆ ಐದು ಲೀಟರು. ಮೂರನೇ ತರಗತಿಯ ಸಾಲಿನಲ್ಲಿ, ತನ್ನದೇ ಜಾಗದಲ್ಲಿ, ಅವಳು ಕೂತಿದ್ದಳು. ಬಾ, ಎಲ್ಲರಿಗೂ ನೀನೇ ತೋರಿಸು ಎಂದು ಕರೆದು ಚೊಂಬು ಚಾಚಿದೆ. ಅವಳು ಎದ್ದು ನಿಂತಳು, ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು.

"ನಂಗೆ ಅಳೆಯಾಕ್ ಬರಾಕಿಲ್ಲ ಟೀಚರ್," ಎಂದಳು.