ಮೆತ್ತಗಿನ ಕರಿಯ ಅಂಟು

ಕಾರಿನ ಗಾಳಿಪೆಟ್ಟಿಗೆ ಬಿಚ್ಚಿಸಿದ್ದು ನನ್ನ ಹೆಂಡತಿಯ ಉಸಿರಿಗಾಗಿ. ಕರ್ನಾಟಕದಿಂದ ಕಾಶಿಗೆ ಬರುವವರನ್ನು ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಕರೆತಂದು ಶ್ರಾದ್ಧ, ತರ್ಪಣ ಮಾಡಿಸುವುದು ನಮ್ಮ ಮನೆತನದ ಕೆಲಸ. ಅದಕ್ಕೆಂದೇ ಇಟ್ಟುಕೊಂಡಿದ್ದ ಹಳೆಯ ಕಾರು. ಅವಳ ಶ್ವಾಸಕೋಶ ಕೆಟ್ಟ ಮೇಲೆ ಊರಿನ ಲಂಕಾ ಬಡಾವಣೆಯ ಆಸ್ಪತ್ರೆಗೂ ಅದೇ ಕಾರು. ಡ್ಯಾಶ್‌ಬೋರ್ಡಿನ ಹಿಂದೆ ಫ್ಯಾನಿನ ಆ ಪೆಟ್ಟಿಗೆ ಕೂರುವ ಸಂದಿಯಿಂದ ರಸ್ತೆಯ ಹೊಗೆ, ಧೂಳು ಎಲ್ಲ ಒಳಗೆ ನುಗ್ಗುತ್ತಿತ್ತು. ಡಾಕ್ಟರ ಹತ್ತಿರ ತಲುಪುವಷ್ಟರಲ್ಲಿ ಅವಳ ತುಟಿ ನೀಲಿಯಾಗಿರುತ್ತಿತ್ತು. ನೋಡಲಾಗುತ್ತಿರಲಿಲ್ಲ ನನಗೆ.

ಭೇಲೂಪುರದ ಮೆಕ್ಯಾನಿಕ್ ಪೆಟ್ಟಿಗೆ ತೊಳೆದು, ಮತ್ತೆ ಕೂರಿಸುವ ಮುಂಚೆ ಸಂದಿ ಮುಚ್ಚಲೆಂದು ಬಾನೆಟ್ಟಿನ ಮೇಲೆ ಮೂರು ಸಾಮಾನು ಇಟ್ಟ: ಸ್ಪಂಜಿನ ಪಟ್ಟಿ, ಸಿಲಿಕಾನ್ ಟ್ಯೂಬು, ಸುರುಳಿ ಸುತ್ತಿದ ಕರಿಯ ಅಂಟು.

"ಪಂಡಿತ್‌ಜೀ, ಕೌನ್ ಸಾ ಲಗಾ ದೇಂ?" ಎಂದು ಯಾವುದನ್ನು ಹಚ್ಚಲೆಂದು ಕೇಳಿದ.

ಸ್ಪಂಜು ಮಳೆನೀರು ಕುಡಿಯುತ್ತದೆಂದು ನಾನೇ ಬೇಡವೆಂದೆ. ಸಿಲಿಕಾನ್ ಕಡೆ ಕೈ ತೋರಿಸಿದೆ. ಕುರ್ಚಿಯಲ್ಲಿ ಕೂತಿದ್ದ ಇವಳು ಎದ್ದು ಬಂದು ಟ್ಯೂಬಿನ ಬಾಯಿ ಮೂಸಿದಳು. ಕೆಮ್ಮು ಹತ್ತಿಕೊಂಡಿತು.

"ಹುಳಿ ವಾಸನೆ ರೀ! ಕೊಲ್ಲಬೇಕು ಅಂತಿದ್ದೀರಾ?"

"ಒಣಗಿದರೆ ವಾಸನೆ ಹೋಗತ್ತೆ ಕಣೇ. ಗಟ್ಟಿ ಕೂರತ್ತೆ, ನಿನ್ನ ಗಿಂಡಿ ಥರ."

ಊರಿಗೆ ಹೊರಟ ಯಾತ್ರಿಕರಿಗೆ ಗಂಗೆ ತುಂಬಿದ ತಾಮ್ರದ ಗಿಂಡಿ ಕೊಡುತ್ತೇವೆ. ಮನೆಯಲ್ಲಿ ಯಾರಾದರೂ ಕೊನೆಯುಸಿರೆಳೆಯುವಾಗ ಅದರ ಬಾಯಿ ಒಡೆದು ತುಟಿಗೆ ನಾಲ್ಕು ಹನಿ ಬಿಡುತ್ತಾರೆ. ಮದುವೆಯಾಗಿ ಬಂದಾಗಿನಿಂದ ಆ ಗಿಂಡಿಗಳ ಬಾಯಿಗೆ ಅರಗು ಕರಗಿಸಿ ಮುಚ್ಚುತ್ತಿದ್ದವಳು ಇವಳೇ. ಆ ಹೊಗೆಯೇ ಅವಳ ಎದೆಯಲ್ಲಿ ಕೂತಿತೋ ಏನೋ, ಕೇಳಲು ನನಗೆ ಧೈರ್ಯವಾಗಲಿಲ್ಲ.

"ನಿಮ್ಮ ತಲೇಲಿ ಬರೀ ಗಿಂಡಿ," ಎಂದು ನಕ್ಕಳು. "ಗಿಂಡಿ ಒಂದೇ ಸಲ ಒಡೆಯೋದು. ಈ ಪೆಟ್ಟಿಗೇನ ಧೂಳು ಕೂತಾಗಲೆಲ್ಲ ಬಿಚ್ಚಬೇಕು. ಅದು ಸಾಯೋರಿಗೆ, ಇದು ಬದುಕೋರಿಗೆ."

ಕರಿಯ ಅಂಟನ್ನು ಚಪಾತಿ ಹಿಟ್ಟಿನ ಹಾಗೆ ಬೆರಳಲ್ಲಿ ಹಿಸುಕಿ ನೋಡಿ, ಮೂಸಿ, ಇದೇ ಇರಲಿ ಎಂದಳು. ಅದು ಒಣಗಿ ಬಿರಿಯುವುದಿಲ್ಲ, ಎಳೆದರೆ ಕಿತ್ತು ಬರುತ್ತದೆ ಎಂದು ಮೆಕ್ಯಾನಿಕ್ಕೂ ತಲೆಯಾಡಿಸಿದ. ನನಗೆ ಸಿಟ್ಟು ಬಂತು. ಇಬ್ಬರೂ ಸೇರಿಕೊಂಡಿರಿ, ಹಾಳಾಗಿ ಹೋಗಿ ಎಂದು ಚಹಾ ಕುಡಿಯಲು ಹೋದೆ.

ಹಿಂತಿರುಗುವಾಗ ಕಿಟಕಿ ಏರಿಸಿ ಫ್ಯಾನು ಹಾಕಿದೆ. ಮುಂದೆ ಆಟೋ ಒಂದು ಕರ್ರಗೆ ಹೊಗೆ ಕಕ್ಕುತ್ತಿತ್ತು. ಒಳಗೆ ಏನೂ ಬರಲಿಲ್ಲ. "ನೋಡಿದ್ರಾ?" ಎಂದು ನನ್ನ ತೊಡೆಗೆ ಒಂದು ಗುದ್ದು ಕೊಟ್ಟಳು. ಅಂಥ ಖುಷಿಯನ್ನು ಅವಳ ಮುಖದಲ್ಲಿ ಕಂಡು ಎಷ್ಟೋ ಕಾಲವಾಗಿತ್ತು.

ಚಳಿಗಾಲ ಬಂತು. ಒಂದು ಬೆಳಿಗ್ಗೆ ಅವಳಿಗೆ ಉಸಿರು ಸಾಲದೇ ಹೋಯಿತು. ಆಸ್ಪತ್ರೆಗೆ ಹೊರಟವರು ಭೇಲೂಪುರದ ಜಾಮಿನಲ್ಲಿ ಸಿಕ್ಕಿಕೊಂಡೆವು. ಹಿಂದೆ ಮುಂದೆ ವಾಹನ, ಸುತ್ತ ಹಾರ್ನು. ಅವಳು ನನ್ನ ತೋಳು ಹಿಡಿದಳು.

"ಹೊಗೆ ಬರ್ತಾ ಇಲ್ಲ ರೀ," ಎಂದಳು. ಆಮೇಲೆ, "ಸ್ವಲ್ಪ ಗಂಗೆ ಕೊಡಿ."

ನಮ್ಮದು ಅಂತ ಒಂದು ಗಿಂಡಿಯನ್ನೂ ನಾವು ಮುಚ್ಚಿಟ್ಟಿರಲಿಲ್ಲ. ಮನೆಯಿಂದ ನಾಲ್ಕು ಹೆಜ್ಜೆಗೆ ನದಿ ಇರುವಾಗ ಕಾಶಿಯಲ್ಲಿ ಯಾರು ಕಟ್ಟಿಡುತ್ತಾರೆ? ಇಳಿದು ಓಡಿ ಡಿಕ್ಕಿ ತೆಗೆದೆ. ಯಾತ್ರಿಕರಿಗೆಂದು ತಂದ ಗಿಂಡಿಗಳಿದ್ದವು. ಎಲ್ಲ ಖಾಲಿ. ಅಯ್ಯೋ ದೇವರೇ, ಒಂದರಲ್ಲೂ ಒಂದು ಹನಿ ಇರಲಿಲ್ಲ.

ಸೀಟಿನ ಕೆಳಗೆ ಅಂಗಡಿಯ ನೀರಿನ ಬಾಟಲಿ ಇತ್ತು. ಅದನ್ನೇ ಗಿಂಡಿಗೆ ಬಗ್ಗಿಸಿ ಅವಳ ತುಟಿಗೆ ಹಿಡಿದೆ.

"ಗಂಗೆ ಕಣೇ, ಕುಡಿ," ಎಂದೆ.

ಅವಳು ಗಿಂಡಿಯನ್ನು ಮೂಸಿದಳು. ನನ್ನ ಮುಖ ನೋಡಿದಳು. ಆಮೇಲೆ ಬಾಯಿ ತೆರೆದಳು.