ಹಳದಿ ಕೋಟಿನ ಹುಡುಗರು ಅಳಲಿಲ್ಲ

ಆ ಸಿನಿಮಾ ಆರಿಸಿದ್ದು ನಾನು, ಜೆಸಿಂತಾ ಅಲ್ಲ. ಕೇಳಿದಾಗ ಅವಳ ಹೆಸರು ಹೇಳಿಬಿಟ್ಟೆ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ, ಅದನ್ನೂ ಹೇಳುತ್ತೇನೆ — ಆದರೆ ಒಂದು ವಿಷಯ ಮೊದಲೇ ತಿಳಿದಿರಲಿ. ಬೀದಿಪುಂಡರ ಆ ಸಿನಿಮಾವನ್ನು ಮೆಚ್ಚಿದ್ದಕ್ಕೆ ನನಗೆ ಅಂದೂ ಇಂದೂ ಎಳ್ಳಷ್ಟು ನಾಚಿಕೆಯಿಲ್ಲ.

ದಿಲ್ಲಿಯ ಕರೋಲ್ ಬಾಗ್‌ಗೆ ಮೆಟ್ರೋ ಹೊಸದಾಗಿ ಬಂದಿದ್ದ ಕಾಲ. ನಾನು ಊರಾಚೆಯ ಮಾನೇಸರ್‌ನ ಒಂದು ಬಿಡಿಭಾಗಗಳ ಕಾರ್ಖಾನೆಯ ಆಫೀಸಿನಲ್ಲಿದ್ದೆ. ಕರೋಲ್ ಬಾಗ್‌ನ ಬಾಡಿಗೆ ಹಾಲ್ ಒಂದರಲ್ಲಿ ನಮ್ಮ ಕನ್ನಡದವರ ಸಣ್ಣ ಕೂಟ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಹೊರದೇಶದ ಸಿನಿಮಾ ತೋರಿಸುತ್ತಿತ್ತು. ಹಟ ಹಿಡಿದು ಅದನ್ನು ಶುರುಮಾಡಿದವಳು ಮಂಗಳೂರಿನ ಜೆಸಿಂತಾ. ಸಾಫ್ಟ್‌ವೇರ್ ಕೆಲಸ, ಆದರೆ ಜೀವವೆಲ್ಲ ಸಿನಿಮಾದಲ್ಲಿ. ಹಿರಿಯರಿಗೆ ಆ ವೇಗದ ಇಂಗ್ಲಿಷ್ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಪರದೆಯ ಪಕ್ಕ ಮೈಕ್ ಹಿಡಿದು ಕೂತು ಪಾತ್ರಗಳ ಮಾತನ್ನು ಆಗಿಂದಾಗಲೇ ಕನ್ನಡದಲ್ಲಿ ಹೇಳುತ್ತ ಹೋಗುವುದು ನನ್ನ ಕೆಲಸ. ಚೆನ್ನಾಗಿಯೇ ಹೇಳುತ್ತಿದ್ದೆ. ಕೆಲವು ಅಜ್ಜಿಯರು ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಇನ್ನು ಆ ಸಿನಿಮಾ. ಬಂದಾಗ ಯಾರೂ ಕ್ಯಾರೇ ಅನ್ನದ, ಆಮೇಲೆ ಕೆಲವರು ಹುಚ್ಚು ಹಿಡಿದಂತೆ ಪ್ರೀತಿಸಿದ ಚಿತ್ರ ಅದು. ಗುಂಪಿನ ಹುಡುಗರೆಲ್ಲ ಹಳದಿ ಕೋಟು ತೊಟ್ಟವರು, ತಾವೇ ಹೊಲಿದುಕೊಂಡದ್ದು. ಕೊನೆಯ ಹೊಡೆದಾಟಕ್ಕೆ ಹೊರಟವರು ಮುಚ್ಚಿದ ಅಂಗಡಿಯೊಂದರ ಗಾಜಿನ ಮುಂದೆ ನಿಂತು ಒಬ್ಬೊಬ್ಬರಾಗಿ ತಲೆ ಬಾಚಿಕೊಳ್ಳುತ್ತಾರೆ. ಮಾತಿಲ್ಲ, ಸಂಗೀತವಿಲ್ಲ. ಒಂದೇ ಬಾಚಣಿಗೆ, ಕೈಯಿಂದ ಕೈಗೆ. ಸಾಯಲು ಹೊರಟವರಿಗೆ ಇಂಥ ಶೋಕಿ ಯಾಕೆ ಎಂದು ಕೇಳುವವರು ಕೇಳಲಿ — ನಾನು ಆ ದೃಶ್ಯವನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದ್ದೆ. ಊರು ಕಸವೆಂದು ಕಂಡ ಹುಡುಗರು ಅಷ್ಟು ಹೊತ್ತು ತಮ್ಮನ್ನು ತಾವು ಗೌರವದಿಂದ ನೋಡಿಕೊಂಡರು. ದಿನಾ ದಿಲ್ಲಿಯ ಬಸ್ಸಿನಲ್ಲಿ ನೂಕಿಸಿಕೊಂಡು ಬೈಸಿಕೊಂಡು ಓಡಾಡುತ್ತಿದ್ದ ನನಗೆ ಅದು ಯಾರೂ ವಿವರಿಸದೆ ಅರ್ಥವಾಗಿತ್ತು.

ಜೆಸಿಂತಾ ಬೇಡವೆಂದಳು. ಇದೊಂದನ್ನು ತೋರಿಸಿದರೆ ಮುಂದಿನದಕ್ಕೆಲ್ಲ ಕಲ್ಲು ಬೀಳುತ್ತದೆ ಎಂದಳು. ನಾನು ಬಿಡಲಿಲ್ಲ. ಬಾಚಣಿಗೆಯ ದೃಶ್ಯ ಬಂದಾಗ ಮೈಕ್ ಕೆಳಗಿಡುತ್ತೇನೆ, ಹಾಲ್ ಹೇಗೆ ಮೌನವಾಗುತ್ತದೆ ನೋಡು ಎಂದು ಮಾತು ಕೊಟ್ಟೆ. ಅವಳು ಒಪ್ಪಿದ್ದು ಆ ಒಂದು ಮಾತಿಗೆ.

ಮುಂದಿನ ಸಾಲಿನಲ್ಲಿ ಕೂಟದ ಅಧ್ಯಕ್ಷರು, ಕೊಡಗಿನ ಮುತ್ತಣ್ಣ ಅಂಕಲ್ ಇದ್ದರು. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾದವರು. ಅವರ ಮನೆಯ ಮಹಡಿಯಲ್ಲೇ ನಾನು ಬಾಡಿಗೆಗಿದ್ದೆ, ಭಾನುವಾರದ ಊಟವೂ ಅಲ್ಲೇ — ಇದನ್ನು ಕಾರಣವೆಂದು ಹೇಳುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಅರ್ಧಕ್ಕೇ ಅವರು ತಲೆ ಕೊಡವಲು ಶುರುಮಾಡಿದರು. ಒಬ್ಬ ತಾಯಿ ಮಗುವನ್ನು ಎಬ್ಬಿಸಿಕೊಂಡು ಹೊರಗೆ ಹೋದರು. ಅಷ್ಟರಲ್ಲಿ ಬಾಚಣಿಗೆಯ ದೃಶ್ಯ ಬಂತು. ನಾನು ಮೈಕ್ ಕೆಳಗಿಡಲಿಲ್ಲ.

"ನೋಡಿ, ಈಗ ಇವರಿಗೆ ಬುದ್ಧಿ ಬಂದಿದೆ. ಅಪ್ಪ ಅಮ್ಮನ ಮಾತು ಕೇಳಬೇಕಿತ್ತು ಅಂತ ಅಳ್ತಾ ಇದ್ದಾರೆ" ಎಂದೆ.

ಪರದೆಯ ಮೇಲೆ ಒಂದು ತುಟಿಯೂ ಅಲುಗಿರಲಿಲ್ಲ. ಆದರೂ ಹಿರಿಯರು ತಲೆದೂಗಿದರು, ಒಬ್ಬರು ಕಣ್ಣೊರೆಸಿಕೊಂಡರು. ಪ್ರೊಜೆಕ್ಟರ್ ಪಕ್ಕ ನಿಂತಿದ್ದ ಜೆಸಿಂತಾ ನನ್ನ ಕಡೆ ತಿರುಗಿದಳು. ನಾನು ಪರದೆಯನ್ನೇ ನೋಡುತ್ತ ಇನ್ನೂ ಏನೇನೋ ಹೇಳಿದೆ, ದೃಶ್ಯ ಮುಗಿಯುವವರೆಗೂ ಹೇಳಿದೆ.

ದೀಪ ಹಾಕಿದ ಮೇಲೆ ಮುತ್ತಣ್ಣ ಅಂಕಲ್ ಎದ್ದು ಬಂದರು.

"ಅಚ್ಛಾ, ಇದನ್ನ ಆರಿಸಿದ್ದು ಯಾರಪ್ಪಾ? ಮಕ್ಕಳೆಲ್ಲ ಕೂತಿದ್ರು."

"ಜೆಸಿಂತಾ."

ಅವಳು ಅಲ್ಲೇ ಪ್ರೊಜೆಕ್ಟರ್ ಪಕ್ಕ ಇದ್ದಳು. ವೈರ್ ಸುತ್ತುತ್ತಿದ್ದಳು, ಸುತ್ತುತ್ತಲೇ ಇದ್ದಳು. ಮುಂದಿನ ತಿಂಗಳಿಂದ ಹಳೆಯ ಪೌರಾಣಿಕ ಚಿತ್ರಗಳು ಬಂದವು. ಇನ್ನು ಮೇಲೆ ಸಿನಿಮಾದ ಜವಾಬ್ದಾರಿ ಬೇರೆಯವರಿಗೆ ಎಂದು ಕೂಟದ ಸಭೆಯಲ್ಲಿ ಅವಳಿಗೆ ನಯವಾಗಿಯೇ ತಿಳಿಸಿದರು. ಅವಳು ಕೂಟಕ್ಕೆ ಬರುವುದನ್ನು ಬಿಟ್ಟಳು. ನಾನು ಆ ಸಭೆಯಲ್ಲೂ ಇದ್ದೆ, ಚಹಾ ಕುಡಿಯುತ್ತಿದ್ದೆ.

ಆಮೇಲೊಮ್ಮೆ ಮೆಟ್ರೋ ಪ್ಲಾಟ್‌ಫಾರಂನಲ್ಲಿ ಎದುರು ಸಿಕ್ಕಳು. "ನನ್ನ ಹೆಸರು ಹೇಳಿದ್ದು ಇರ್ಲಿ" ಎಂದಳು. "ಆದ್ರೆ ಅಲ್ಲಿ ಯಾಕೆ ಮಾತಾಡಿದ್ದು ಮಾರಾಯ?" ರೈಲು ಬಂತು, ಅವಳು ಹತ್ತಿದಳು. ನಾನು ಮುಂದಿನ ರೈಲಿಗೆ ನಿಂತೆ.

ಮುತ್ತಣ್ಣ ಅಂಕಲ್ ಕೊನೆಯವರೆಗೂ ನೆನೆಯುತ್ತಿದ್ದರು: ಆ ಹುಡುಗರು ಕಡೆಗೆ ಅತ್ತರಲ್ಲ, ಪಾಪ. ಹೂಂ ಎನ್ನುತ್ತಿದ್ದೆ. ಇಲ್ಲ ಅಂಕಲ್, ಅವರು ಅಳಲಿಲ್ಲ. ತಲೆ ಬಾಚಿಕೊಂಡರು, ಅಷ್ಟೇ. ನಿಮ್ಮ ಎದುರು ನಿಂತು, ಇದು ನನ್ನ ಆಯ್ಕೆ, ಇದು ಒಳ್ಳೆಯ ಸಿನಿಮಾ, ಸುಮ್ಮನೆ ಕೂತು ನೋಡಿ ಎನ್ನಬೇಕಿತ್ತು. ಈಗ ಎನ್ನುತ್ತಿದ್ದೇನೆ, ನೀವಿಲ್ಲದ ಮೇಲೆ — ಇದರಲ್ಲೇನು ಧೈರ್ಯ.

ಜೆಸಿಂತಾ, ನಿನ್ನಲ್ಲಿ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಟ್ಟುಬಿಡುತ್ತೀಯ.